ಅಂಬಾಸಿಡರ್ ಆಫೀಸಿನ ವಕೀಲಮ್ಮ

ಚಿಕ್ಕಬಳ್ಳಾಪುರದ ನನ್ನ ಅಂಗಡಿಗೆ ಬರುವವರಿಗೆ ಬೇಕಾಗಿರುವುದು ಮಾಡ್ಯುಲರ್ ಕಿಚನ್, ಟಿವಿ ಯೂನಿಟ್, ಇಲ್ಲವೇ ದೇವರ ಮನೆಗೆ ಗಂಟೆ ಕಟ್ಟಿದ ಬಾಗಿಲು. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ಪ್ಲೈವುಡ್ಡಿನ ವಾಸನೆ ಅಂದರೆ ನನಗೆ ಆಗಿಬರದಂತಾಗಿದೆ. ಇದರ ನಡುವೆ ಆಗಾಗ ಯಾರಾದರೂ ಬಂದು ಮೊಬೈಲನ್ನು ನನ್ನ ಮೂಗಿಗೇ ಹಿಡಿದು, "ಮೇಡಂ, ಚಿಂತಾಮಣಿ ವಕೀಲಮ್ಮನ ಆಫೀಸು ಮಾಡಿದ್ದು ನೀವೇ ಅಂತಲ್ಲ, ನಮ್ಗೂ ಆ ಥರ ಹಳೇ ಕಾರಿಂದು ಒಂದು ಮಾಡ್ಕೊಡಿ" ಎನ್ನುತ್ತಾರೆ. ಒಬ್ಬರು ಹಲ್ಲಿನ ಡಾಕ್ಟರು ಕೇಳಿದ್ದರು. ಟೊಮೇಟೊ ಮಂಡಿಯವರೊಬ್ಬರು ಕೇಳಿದ್ದರು. ಇಬ್ಬರಿಗೂ ಆಗಲ್ಲ ಅಂದೆ. ಕಾರೇನೋ ತರಬಹುದು, ಅದರಲ್ಲಿ ಕೂರುವ ಆ ಹೆಂಗಸನ್ನು ಎಲ್ಲಿಂದ ತರಲಿ?

ಆ ಹೆಂಗಸು ಈ ವರ್ಷ ವಕೀಲಿ ಬಿಟ್ಟರು. ಬೀಳ್ಕೊಡುಗೆ, ಶಾಲು, ಹಾರ ಏನೂ ಬೇಡ ಎಂದು ಬಾರ್ ಅಸೋಸಿಯೇಷನ್ನಿನವರನ್ನು ಗದರಿ ಕಳಿಸಿದರಂತೆ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಶಾಲಿನಿಂದ ತಪ್ಪಿಸಿಕೊಂಡಹಾಗೆ ನನ್ನಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಹೆಸರು ಮಾತ್ರ ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಚಿಂತಾಮಣಿಯಲ್ಲಿ ವಕೀಲಮ್ಮ ಅಂದರೆ ಆಟೋದವರು ಬೇರೆ ಪ್ರಶ್ನೆ ಕೇಳದೆ ಕರೆದುಕೊಂಡು ಹೋಗುತ್ತಿದ್ದರು.

ಅವರು ನನ್ನ ಅಂಗಡಿಗೆ ಮೊದಲು ಬಂದದ್ದು ಒಂದು ಬೇಸಿಗೆಯ ಮಧ್ಯಾಹ್ನ. ತಲೆಯ ಮೇಲೆ ಬಿಳಿ ಸೆರಗು, ಮೈಮೇಲೆ ಕಪ್ಪು ಕೋಟು, ಕೈಯಲ್ಲಿ ಹುರಿದ ಕಡಲೇಕಾಯಿಯ ಪೊಟ್ಟಣ. ಆ ಪೊಟ್ಟಣವಿಲ್ಲದ ಅವರನ್ನು ನಾನು ನೋಡಿಯೇ ಇಲ್ಲ. ಸಿಪ್ಪೆಯನ್ನು ಕೋಟಿನ ಎಡಗಡೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಬಲಗಡೆ ಜೇಬಿನಲ್ಲಿ ಕನ್ನಡಕ. ಒಂದೊಂದು ಸಲ ಅದಲುಬದಲಾಗಿ ಜಡ್ಜ್ ಮುಂದೆ ಸಿಪ್ಪೆ ಉದುರಿದ್ದೂ ಉಂಟು ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

"ಇಷ್ಟು ದಿನ ಕೋರ್ಟಿಗೆ ಹೋಗಿದ್ದು ಸಾಕಾಯ್ತು ಬೇಟಾ" ಎಂದರು. "ಇನ್ಮೇಲೆ ಅಣ್ಣತಮ್ಮಂದಿರ ಪಾಲು, ಗಂಡಹೆಂಡ್ತಿ ಜಗಳ, ಇದನ್ನ ಕೂತು ಬಗೆಹರಿಸೋದಷ್ಟೇ. ಬಸ್‌ಸ್ಟ್ಯಾಂಡ್ ಪಕ್ಕ ಬೀಜದ ಅಂಗಡಿ ಮೇಲೆ ದೊಡ್ಡ ರೂಮು ಹಿಡಿದಿದೀನಿ. ಅದರೊಳಗೆ ಹಳೇ ಕಾರು ಬೇಕು."

ನನಗೆ ಕೈಗೆ ಸ್ವರ್ಗ ಸಿಕ್ಕಹಾಗಾಯಿತು. ಕಿಚನ್ನುಗಳಿಂದ ಬಿಡುಗಡೆ. ಕೂಡಲೇ ಲ್ಯಾಪ್‌ಟಾಪು ತೆರೆದು ರೆಟ್ರೊ ಥೀಮಿನ ಚಿತ್ರಗಳನ್ನು ತೋರಿಸಿದೆ. ಕೆಂಪು ಬಿಳಿ ಚೌಕಳಿಯ ನೆಲ, ರೆಕ್ಕೆ ಬಂದ ಉದ್ದುದ್ದ ಕಾರುಗಳು, ಪೆಟ್ರೋಲ್ ಪಂಪಿನ ಆಕಾರದ ಫ್ರಿಜ್ಜು. ಅವರು ಕಡಲೇಕಾಯಿ ಬಿಡಿಸುತ್ತ ಎಲ್ಲವನ್ನೂ ತಾಳ್ಮೆಯಿಂದ ನೋಡಿದರು.

"ಇದು ಯಾವೂರ ಕಾರು?"

"ಅಮೆರಿಕಾದ್ದು ಮೇಡಂ."

"ಇದರೊಳಗೆ ನಮ್ಮ ಕಡೆಯವರು ಯಾರಾದ್ರೂ ಕೂತಿದಾರಾ?"

"ಎಲ್ಲಿ ಕೂರ್ತಾರೆ ಮೇಡಂ, ಇದು ನೋಡೋಕೆ ಅಷ್ಟೆ."

"ಹಂಗಾದ್ರೆ ನಂಗ್ಯಾಕಮ್ಮ ಅದು. ಅಂಬಾಸಿಡರ್ ಮಾಡು."

ನನಗೆ ಮೈ ಉರಿಯಿತು. ಅಂಬಾಸಿಡರ್ ಅಂದರೆ ನನ್ನ ಕಣ್ಣಿಗೆ ಸರ್ಕಾರಿ ಆಫೀಸು, ಬಿಳಿ ಟವೆಲು ಹೊದಿಸಿದ ಸೀಟು. ಅದನ್ನು ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ. ಅವರಿಗೆ ಗೊತ್ತಾಯಿತೇನೋ, ಅಲ್ಲೇ ಕೂತು ಅವರ ತಂದೆಯ, ಅವರ ಬಾಯಲ್ಲಿ ಅಬ್ಬಾನ, ವಿಷಯ ಹೇಳಿದರು.

ತಂದೆ ಚಿಂತಾಮಣಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು, ಅಂಬಾಸಿಡರ್. ರಜೆಯಲ್ಲಿ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಾಡಿಗೆಗೆ ಹೋಗುತ್ತಿದ್ದರು. ಹಿಂದೆ ಆಸ್ಪತ್ರೆಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಒಂದೇ ಕೇಸಿಗೆ ಎರಡು ಪಕ್ಷವಾಗಿ ಹೈಕೋರ್ಟಿಗೆ ಹೋಗುವ ದಾಯಾದಿಗಳು. ಬಸ್ಸು ತಪ್ಪಿ ಒಂದೇ ಟ್ಯಾಕ್ಸಿ ಹಿಡಿದಿರುತ್ತಿದ್ದರಂತೆ. ಚಿಂತಾಮಣಿಯಲ್ಲಿ ಹತ್ತುವಾಗ ಮುಖ ಆ ಕಡೆ ಈ ಕಡೆ ತಿರುಗಿಸಿಕೊಂಡವರು ಕೈವಾರ ಕ್ರಾಸಿಗೆ ಒಂದು ಮಾತು, ಹೊಸಕೋಟೆ ಹೊತ್ತಿಗೆ ಹತ್ತು ಮಾತು ಆಡುತ್ತಿದ್ದರಂತೆ. ಹುಡುಗಿ ಕುತೂಹಲಕ್ಕೆ ತಿರುಗಿ ನೋಡಿದರೆ ತಂದೆ ಮೆತ್ತಗೆ ಮೊಣಕಾಲು ತಟ್ಟಿ, "ಹಿಂದೆ ನೋಡಬೇಡ, ನೋಡಿದ್ರೆ ನಿಲ್ಲಿಸಿಬಿಡ್ತಾರೆ" ಎನ್ನುತ್ತಿದ್ದರು.

"ಎಲ್ಲಾರೂ ಒಂದೇ ಕಡೆ ನೋಡ್ಕೊಂಡು ಕೂತಾಗ ಜಗಳ ಕಷ್ಟ ಬೇಟಾ. ಕೋರ್ಟಲ್ಲಿ ಎದುರುಬದುರು ನಿಲ್ಲಿಸ್ತೀವಲ್ಲ, ಅಲ್ಲೇ ಎಡವಟ್ಟು. ನಂಗೆ ಆ ಹಿಂದಿನ ಸೀಟು ಬೇಕು."

ಆ ಮಾತು ನನ್ನ ತಲೆಯೊಳಗೆ ಇಳಿಯಿತು, ಒಪ್ಪಿಕೊಂಡೆ. ಗುಜರಿಗಳನ್ನೆಲ್ಲ ಸುತ್ತಿ ಡ್ಯಾಶ್‌ಬೋರ್ಡು, ಸ್ಟೇರಿಂಗು, ವಿಂಡ್‌ಶೀಲ್ಡು, ಮುಂದಿನ ಸೀಟು, ದುಂಡನೆಯ ಹೆಡ್‌ಲೈಟು ಎಲ್ಲ ಸೇರಿಸಿದೆ. ಹಿಂದಿನ ಸೀಟೂ ಸಿಗುತ್ತಿತ್ತು. ಅದನ್ನು ಮಾತ್ರ ತೆಗೆದುಕೊಳ್ಳಬೇಡ ಎಂದರು ಅವರು.

"ಅಬ್ಬಾ ಗಾಡಿ ಶಿಡ್ಲಘಟ್ಟದಲ್ಲಿದೆ, ನನ್ನ ತಮ್ಮನ ಹತ್ರ. ಅದರ ಸೀಟೇ ಬೇಕು. ನೀನು ಹೋಗಿ ಕೇಳು. ನನ್ನ ಹೆಸರು ಎತ್ತಬೇಡ."

"ನಿಮ್ಮ ತಮ್ಮ ಅಲ್ವಾ, ಒಂದು ಫೋನ್ ಮಾಡಿದ್ರೆ ಆಗಲ್ವಾ ಮೇಡಂ?"

"ನೀನು ಹೋಗು."

ತಮ್ಮನಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ. ಬೇಯುವ ಗೂಡಿನ ವಾಸನೆ, ಹಬೆ, ತಿರುಗುವ ರಾಟೆಗಳ ಸದ್ದು. ಅಕ್ಕನ ಮೂಗೇ ಅವರ ಮುಖದ ಮೇಲೂ ಇತ್ತು. ನಾನು ಇಂಟೀರಿಯರ್ ಕೆಲಸದವಳು, ಹಳೇ ಅಂಬಾಸಿಡರ್ ಸೀಟು ಹುಡುಕುತ್ತಿದ್ದೇನೆ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಟೀ ತರಿಸಿ, ಎದ್ದು ಶೆಡ್ಡಿನ ಮೂಲೆಗೆ ಕರೆದುಕೊಂಡು ಹೋಗಿ ಟಾರ್ಪಾಲು ಎತ್ತಿದರು. ಕೆನೆ ಬಣ್ಣದ ಅಂಬಾಸಿಡರ್. ಧೂಳೇ ಇಲ್ಲ. ಪಕ್ಕದ ಗೋಡೆಯಲ್ಲಿ ಘಟಕದ ಲೈಸೆನ್ಸಿನ ಜೊತೆಗೆ ಫ್ರೇಮು ಹಾಕಿಸಿದ ಒಂದು ಕಾಗದ ನೇತಾಡುತ್ತಿತ್ತು.

"ಓದಮ್ಮ" ಎಂದರು.

ಓದಿದೆ. ಅದು ವಕೀಲರ ನೋಟಿಸು. ಮೇಲ್ಕಂಡ ವಾಹನವನ್ನು ಮಾರಾಟ ಮಾಡತಕ್ಕದ್ದಲ್ಲ, ಸ್ಥಳದಿಂದ ಕದಲಿಸತಕ್ಕದ್ದಲ್ಲ, ಅದರ ಯಾವುದೇ ಭಾಗವನ್ನು ಬಿಚ್ಚತಕ್ಕದ್ದಲ್ಲ. ಕೆಳಗೆ ವಕೀಲಮ್ಮನ ಸಹಿ.

"ಅಬ್ಬಾ ತೀರಿಕೊಂಡ ಮೇಲೆ ಜಾಗ ಸಾಲದು ಅಂತ ಗುಜರಿಯವನ ಹತ್ರ ಸುಮ್ನೆ ರೇಟು ಕೇಳಿದ್ದೆ. ಯಾರೋ ಹೋಗಿ ಆಪಾ ಕಿವಿಗೆ ಹಾಕಿದ್ರು. ಆಪಾ ಅಂದ್ರೆ ಅಕ್ಕ. ಅವಳು ಫೋನ್ ಮಾಡಿ ಬೈದಿದ್ರೆ ಬೈಸ್ಕೋತಿದ್ದೆ. ರಿಜಿಸ್ಟರ್ ಪೋಸ್ಟಲ್ಲಿ ಇದು ಬಂತು. ಕೆಲಸದವರೆಲ್ಲಾರ ಮುಂದೆ ಪೋಸ್ಟ್‌ಮ್ಯಾನು ಸೈನು ತಗೊಂಡ." ಅವರು ಟಾರ್ಪಾಲನ್ನು ಮತ್ತೆ ಅಚ್ಚುಕಟ್ಟಾಗಿ ಎಳೆದರು. "ಸೀಟು ಯಾರಿಗೆ ಅಂತ ನಂಗೆ ಗೊತ್ತು. ನೋಟಿಸಿನ ಪ್ರಕಾರ ಒಂದು ಸ್ಕ್ರೂನೂ ಬಿಚ್ಚಂಗಿಲ್ಲ ಅಂತ ಹೇಳಮ್ಮ. ನಾನು ಕಾನೂನು ಮೀರೋನಲ್ಲ. ವಾರಕ್ಕೊಂದ್ಸಲ ಇಂಜಿನ್ ಮಾತ್ರ ಸ್ಟಾರ್ಟ್ ಮಾಡ್ತೀನಿ. ಅದು ಬೇಡ ಅಂತ ಅದರಲ್ಲಿಲ್ಲ."

ವಾಪಸು ಬಂದು ಹೇಳಿದೆ. ವಕೀಲಮ್ಮ ಕಡಲೇಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ನಾನು ಸಂಧಾನ ಮಾಡುವ ಹುಮ್ಮಸ್ಸಿನಲ್ಲಿ, "ನೋಟಿಸು ವಾಪಸ್ ತಗೊಂಡ್ಬಿಡಿ ಮೇಡಂ" ಎಂದೆ.

"ಹೆಂಗೆ ತಗೊಳ್ಳಲಿ, ಇನ್ನೊಂದು ನೋಟಿಸು ಕಳಿಸ್ಲಾ?"

"ಫೋನಲ್ಲಿ."

"ಫೋನು ಅವತ್ತು ಮಾಡಬೇಕಾಗಿತ್ತು ಕಣಮ್ಮ. ಕೋರ್ಟಿಂದ ಬಂದೆ, ಸಿಟ್ಟಲ್ಲಿದ್ದೆ, ಎದುರಿಗೆ ಟೈಪಿಸ್ಟು ಕೂತಿದ್ದಳು. ಬಾಯಿಗೆ ಬಂದಿದ್ದು ಅದೇ ಭಾಷೆ. ಅವನು ನನ್ನ ಕೈಮೇಲೆ ಬೆಳೆದ ಹುಡುಗ. ಅವನಿಗೆ ತಕ್ಕದ್ದಲ್ಲ ತಕ್ಕದ್ದಲ್ಲ ಅಂತ ಬರೆದೆ." ಕೈಯಲ್ಲಿದ್ದ ಕಾಯನ್ನು ಪೊಟ್ಟಣಕ್ಕೆ ವಾಪಸು ಹಾಕಿ, "ಈದ್‌ಗೂ ಬರಲ್ಲ. ನಾನು ಹೋಗೋಕೆ ಕಾಲು ಬರಲ್ಲ. ಸಾಯೋದರೊಳಗೆ ಒಂದ್ಸಲ ಆಪಾ ಅಂದ್ರೆ ಸಾಕು" ಎಂದರು.

ಅವರಿಗೆ ಬೇಕಾಗಿದ್ದದ್ದು ಸೀಟಲ್ಲ, ತಮ್ಮ. ಅದು ನನಗೆ ಅವತ್ತು ಅರ್ಥವಾಯಿತು. ಊರಿನ ಅಣ್ಣತಮ್ಮಂದಿರನ್ನೆಲ್ಲ ಒಂದು ಮಾಡುವ ಹೆಂಗಸು ಸ್ವಂತ ತಮ್ಮನ ಮನೆ ಬಾಗಿಲಿಗೆ ಹೋಗಲಾರದೆ ಕೂತಿದ್ದನ್ನು ನೋಡಿ ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಇಬ್ಬರ ಕಿವಿಯನ್ನೂ ಹಿಂಡಬೇಕು ಅನ್ನಿಸಿತು. ಆದರೆ ನಾನು ಬಡಗಿ ಕೆಲಸ ಮಾಡಿಸುವವಳು, ಗುಜರಿಯ ಸೀಟನ್ನೇ ತಂದು ಹೊಸ ರೆಕ್ಸಿನ್ ಹೊದಿಸಿದೆ.

ಇನ್ನು ಆಫೀಸಿನ ಕಥೆ. ನನ್ನ ಪ್ಲಾನಿನಲ್ಲಿ ವಕೀಲಮ್ಮ ಪೂರ್ವದ ಗೋಡೆಗೆ ಬೆನ್ನು ಹಾಕಿ, ಮುಂದೆ ಡ್ಯಾಶ್‌ಬೋರ್ಡನ್ನೇ ಮೇಜು ಮಾಡಿಕೊಂಡು, ಬಾಗಿಲ ಕಡೆ ನೋಡುತ್ತ ಕೂರಬೇಕು. ಎದುರಿಗೆ ಉದ್ದದ ಸೀಟಿನಲ್ಲಿ ಕಕ್ಷಿದಾರರು. ವಕೀಲಮ್ಮನ ಬೆನ್ನ ಹಿಂದಿನ ಗೋಡೆಗೆ ಅಲಂಕಾರಕ್ಕೆಂದು ವಿಂಡ್‌ಶೀಲ್ಡು, ಅದರ ನಡುವೆ ಹಿಂಬದಿ ನೋಡುವ ಕನ್ನಡಿ, ಗಾಜಿನ ಆಚೆ ದೊಡ್ಡ ಫೋಟೊ. ಫೋಟೊ ಯಾವುದಿರಬೇಕು ಅನ್ನುವುದಕ್ಕೂ ಜಗಳವಾಗಿ ಕೊನೆಗೆ ಕೈವಾರದ ರಸ್ತೆಯನ್ನೇ ತೆಗೆದುಕೊಂಡು ಬಂದಿದ್ದೆ. ಆಚೀಚೆ ಹುಣಸೆ ಮರ, ದೂರದಲ್ಲಿ ಬೆಟ್ಟ. ತೆಗೆಯುವ ಹೊತ್ತಿಗೆ ಟೊಮೇಟೊ ಕ್ರೇಟು ತುಂಬಿದ ಟೆಂಪೋ ಒಂದು ಮಧ್ಯಕ್ಕೆ ಬಂದಿತ್ತು. ಅದು ಹಾಗೇ ಉಳಿಯಿತು.

ವಕೀಲಮ್ಮ ಉಮ್ರಾಗೆಂದು ಮೆಕ್ಕಾಗೆ ಹೋಗಿದ್ದರು. ನಾನು ಗೌರಿಬಿದನೂರಿನಲ್ಲಿ ಒಂದು ಗೃಹಪ್ರವೇಶದ ಗಡಿಬಿಡಿಯಲ್ಲಿದ್ದೆ. ಮೇಸ್ತ್ರಿಗೆ ನಕ್ಷೆ ಕೊಟ್ಟು, ಎಲ್ಲವನ್ನೂ ನೆಲಕ್ಕೆ ಬೋಲ್ಟು ಹಾಕಿ ಟೈಲ್ಸು ಕೂರಿಸಿಬಿಡಿ ಎಂದಿದ್ದೆ. ನಮ್ಮ ಮೇಸ್ತ್ರಿ ಕೆಲಸದಲ್ಲಿ ಹುಲಿ, ಆದರೆ ವಾಸ್ತು ವಿಷಯಕ್ಕೆ ಬಂದರೆ ಜಪ್ಪಯ್ಯ ಅಂದರೂ ಬಗ್ಗುವ ಆಸಾಮಿಯಲ್ಲ. ಬಂದು ನೋಡುತ್ತೇನೆ, ವಕೀಲಮ್ಮನ ಸೀಟು, ಡ್ಯಾಶ್‌ಬೋರ್ಡು, ಸ್ಟೇರಿಂಗು ಎಲ್ಲ ತಿರುಗಿ ಪೂರ್ವದ ಗೋಡೆಗೆ ಮುಖ ಮಾಡಿವೆ. ಕಕ್ಷಿದಾರರ ಸೀಟು ಅವರ ಬೆನ್ನ ಹಿಂದೆ. ಬಾಗಿಲಲ್ಲಿ ಬಂದವರಿಗೆ ವಕೀಲರ ಹಿಂದಲೆ ಮಾತ್ರ ಕಾಣುತ್ತದೆ.

"ಏನ್ರೀ ಇದು ಮೇಸ್ತ್ರಿ?"

"ಲಾಯರಮ್ಮ ಪಡಮಟ ಮುಖ, ಪಶ್ಚಿಮಕ್ಕೆ, ಕೂತ್ರೆ ಕೇಸು ನಿಲ್ತದಾ ಮೇಡಂ? ಯಜಮಾನ್ರು ಯಾವತ್ತೂ ತೂರ್ಪಿಗೇ ಕದಾ ಕೂತ್ಕೋಬೇಕು. ಪೂರ್ವಕ್ಕೆ ತಿರುಗಿಸ್ದೆ. ಅಮ್ಮಗೆ ಒಳ್ಳೇದಾಗ್ಲಿ ಅಂತ."

"ಅವರು ಸಾಬರು ಕಣ್ರೀ, ಅವರಿಗೆ ಯಾಕ್ರೀ ವಾಸ್ತು?"

"ಸೂರ್ಯ ಎಲ್ಲಾರಿಗೂ ಒಂದೇ ಕಡೆ ಹುಟ್ತಾನಲ್ಲ ಮೇಡಂ."

ಅವರ ಮೇಲೆ ಕೂಗಾಡಿ ಗಂಟಲು ಕಟ್ಟಿಕೊಂಡಿತು. ಬಿಚ್ಚಬೇಕೆಂದರೆ ಟೈಲ್ಸೆಲ್ಲ ಒಡೆಯಬೇಕು. ಮರುದಿನವೇ ವಕೀಲಮ್ಮ ಬಂದರು. ನಾನು ಬಾಗಿಲಲ್ಲೇ ನಿಂತೆ, ಮೇಸ್ತ್ರಿ ನನ್ನ ಹಿಂದೆ. ಅವರು ಒಳಗೆ ಹೋಗಿ ಒಂದು ಸುತ್ತು ನೋಡಿ, ಮುಂದಿನ ಸೀಟಿನಲ್ಲಿ ಕೂತು, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟರು. ಆಮೇಲೆ ಕನ್ನಡಿಯನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ವಾಲಿಸಿದರು. ಅದರೊಳಗೆ ಹಿಂದಿನ ಸೀಟು ಪೂರ್ತಿ ಕಂಡಿತು.

"ಕೂತ್ಕೊ" ಎಂದರು ನನಗೆ. ಹಿಂದಿನ ಸೀಟಿನಲ್ಲಿ ಕೂತೆ. ಕನ್ನಡಿಯಲ್ಲಿ ಅವರ ಕಣ್ಣು ಮಾತ್ರ ಕಾಣುತ್ತಿತ್ತು, ನಗುತ್ತಿತ್ತು. "ನಂಗೇ ಹೊಳೆದಿರಲಿಲ್ಲ ನೋಡು. ನಾನೂ ಎದುರುಬದುರೇ ಕೂರೋಕೆ ಹೊರಟಿದ್ದೆನಲ್ಲ. ಮೇಸ್ತ್ರಿಗೆ ಬಿರಿಯಾನಿ ಕೊಡಿಸ್ತೀನಿ." ಮೇಸ್ತ್ರಿ ತಾನು ಮೊಟ್ಟೆ ಸಹ ಮುಟ್ಟುವುದಿಲ್ಲವೆಂದು ತಿಳಿಸಿದರು. ಕೊನೆಗೆ ಹೋಳಿಗೆಗೆ ತೀರ್ಮಾನವಾಯಿತು.

ಆ ತಪ್ಪೇ ಅವರ ಆಫೀಸಾಯಿತು. ಕರೆಗಂಟೆಯ ಬದಲು ಕಾರಿನ ಹಾರನ್ನು. ಒತ್ತಿದರೆ ಹೊರಗೆ ಕಾಯುತ್ತಿದ್ದ ಮುಂದಿನವರು ಒಳಗೆ ಬರಬೇಕು. ಕೆಳಗಿನ ಬೀಜದ ಅಂಗಡಿಯವರು ಮೊದಮೊದಲು ಬೆಚ್ಚಿಬಿದ್ದು ರಸ್ತೆಯಿಂದ ಪಕ್ಕಕ್ಕೆ ಸರಿಯುತ್ತಿದ್ದರು. ಬಂದವರು ಹಿಂದೆ ಕೂರುತ್ತಿದ್ದರು, ವಕೀಲಮ್ಮ ಕನ್ನಡಿ ಸರಿಮಾಡಿ, "ಹೇಳ್ರಪ್ಪ, ಎಲ್ಲಿಗೆ?" ಎನ್ನುತ್ತಿದ್ದರು. ಎಂಥ ಗೋಳು ಹೇಳಿಕೊಂಡರೂ, ಎಂಥ ಬೈಗುಳ ಬಂದರೂ ಹಿಂದೆ ತಿರುಗುತ್ತಿರಲಿಲ್ಲ.

ನಂದಿಯ ಕಡೆಯ ದ್ರಾಕ್ಷಿ ತೋಟದ ಅಣ್ಣತಮ್ಮಂದಿರಿಬ್ಬರು ಬಂದಿದ್ದಾಗ ನಾನು ಫ್ಯಾನು ಸರಿಮಾಡಿಸಲು ಅಲ್ಲಿದ್ದೆ. ಬೋರ್‌ವೆಲ್ ಯಾರ ಪಾಲಿಗೆ ಅನ್ನುವುದಕ್ಕೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತಂತೆ. ಸೀಟಿನ ಈ ತುದಿಗೊಬ್ಬರು ಆ ತುದಿಗೊಬ್ಬರು, ನಡುವೆ ಒಂದು ಚೀಲ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಫೋಟೊದ ಟೆಂಪೋವನ್ನೇ ನೋಡುತ್ತಿದ್ದರು. ವಕೀಲಮ್ಮ ಸ್ಟೇರಿಂಗ್ ಹಿಡಿದು ಸುಮ್ಮನಿದ್ದರು. ತುಂಬ ಹೊತ್ತಾದ ಮೇಲೆ ಅಣ್ಣ ತನಗೇ ಹೇಳಿಕೊಳ್ಳುವವನ ಹಾಗೆ, "ಕ್ರೇಟು ಹಂಗಾ ಕಟ್ಟೋದು, ತಿರುವಿನಲ್ಲಿ ಬೀಳಲ್ವಾ" ಎಂದ.

"ಅವ್ನು ಕಟ್ಟೋದೇ ಹಂಗೆ" ಎಂದ ತಮ್ಮ. "ನಮ್ದೂ ಒಂದ್ಸಲ ಚೆಲ್ಲಿಲ್ವಾ."

"ಅವತ್ತು ನೀನು ಟೆಂಪೋ ಮೇಲಿದ್ದೆ. ನನ್ನ ಜೀವಾನೇ ಹೋಗಿತ್ತು."

ವಕೀಲಮ್ಮ ಮೆಲ್ಲಗೆ, "ಓವರ್‌ಟೇಕ್ ಮಾಡ್ಲಾ?" ಎಂದರು. ಇಬ್ಬರೂ ನಕ್ಕರು. ಬೋರ್‌ವೆಲ್ಲಿನ ಮಾತು ಆಮೇಲೆ ಸಲೀಸಾಗಿ ಹೋಯಿತು.

ಇನ್ನೊಂದು ಸಲ ಒಬ್ಬ ಹೆಂಗಸು ಗಂಡನ ಮೇಲೆ ಒಂದೇ ಸಮನೆ ದೂರು ಹೇಳಿದಳಂತೆ, ಕನ್ನಡಿ ನೋಡಿಕೊಂಡು. ಗಂಡ ಪಕ್ಕದಲ್ಲೇ ಕೂತು ಬೆವರಿ, ತಡೆಯಲಾರದೆ, "ನಾನು ಇಳೀತೀನಿ ಮೇಡಂ" ಎಂದನಂತೆ. ವಕೀಲಮ್ಮ ಮುಂದೆ ನೋಡುತ್ತಲೇ, "ಘಾಟಿ ಬಂದಿದೆಯಪ್ಪ, ಇಲ್ಲಿ ನಿಲ್ಸೋಕಾಗಲ್ಲ, ಕೂತ್ಕೊ" ಎಂದರಂತೆ. ಅವನು ನಿಜಕ್ಕೂ ಕೂತನಂತೆ.

ಎಲ್ಲರದೂ ಹೀಗೆ ಮುಗಿಯುತ್ತಿತ್ತು ಅಂತಲ್ಲ. ಕೆಲವರು ಸೀಟಿನಲ್ಲೇ ಕೈ ಮಿಲಾಯಿಸಿ ರೆಕ್ಸಿನ್ ಹರಿದು ನೆಟ್ಟಗೆ ಕೋರ್ಟಿಗೆ ಹೋಗುತ್ತಿದ್ದರು. ಆಗ ವಕೀಲಮ್ಮ ನನಗೆ ಫೋನ್ ಮಾಡಿ, "ಹೊಲಿಗೆಯವನನ್ನ ಕರ್ಕೊಂಡು ಬಾ, ಆಕ್ಸಿಡೆಂಟ್ ಆಗಿದೆ" ಎನ್ನುತ್ತಿದ್ದರು. ನಾನು ಯಾವತ್ತಾದರೂ ವಾಟ್ಸಾಪಿನಲ್ಲಿ ನಾಳೆ ಬರುತ್ತೇನೆ ಎಂದು ಬರೆದು ಕಳಿಸಿದರೆ ಉತ್ತರವೇ ಇಲ್ಲ. ಕೇಳಿದರೆ ಬೈಗುಳ. "ಬಾಯಿಲ್ವಾ ನಿಂಗೆ? ಬರೆದು ಕಳಿಸೋದು ಕಲೀಬೇಡ. ಮಾತಾಡು."

ನಾನು ಹೋದಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ: "ಶಿಡ್ಲಘಟ್ಟದ ಕಡೆ ಹೋಗಿದ್ಯಾ?" ಹೋಗಿದ್ದರೆ, ತಮ್ಮನ ಘಟಕ ನಡೆಯುತ್ತಿದೆಯಾ, ಅವನು ದಪ್ಪಗಾಗಿದ್ದಾನಾ, ಮಗಳ ಓದು ಮುಗಿಯಿತಾ. ಆ ಕಡೆ ಹೋದರೆ ತಮ್ಮನೂ ಟೀ ಕೊಟ್ಟು ಸುತ್ತಿಬಳಸಿ ಅಕ್ಕನ ಬಿಪಿ ವಿಚಾರಿಸುತ್ತಿದ್ದರು. ನಾನು ಇಬ್ಬರ ನಡುವೆ ಅಂಚೆಯವಳಾಗಿದ್ದೆ. ಹೇಳಿ ಹೇಳಿ ನನಗೆ ಸಾಕಾಗಿತ್ತು, ಒಬ್ಬರೂ ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ. ಅಕ್ಕ ತಂಗಿಯರಿಲ್ಲದ ನನಗೆ ಅವರನ್ನು ನೋಡಿ ಹೊಟ್ಟೆಯುರಿಯುತ್ತಿತ್ತು. ಇರುವವರಿಗೆ ಬೆಲೆಯಿಲ್ಲ ಅಂತ.

ಹೋದ ವರ್ಷ ಒಂದು ದಿನ ಸೀಟಿನ ಸ್ಪ್ರಿಂಗ್ ಮೇಲೆ ಬಂದಿದೆ ಎಂದು ಕರೆದರು. ನಾನೇ ಹೋದೆ. ಸೀಟಿನ ಹಿಂದೆ ನೆಲದ ಮೇಲೆ ಕೂತು ತಂತಿ ಬಿಗಿಯುತ್ತಿದ್ದಾಗ ಹಾರನ್ ಆಯಿತು. ಮುಂದಿನವರು ಒಳಗೆ ಬಂದರು. ನೋಡಿದರೆ ತಮ್ಮ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಕೈಯಲ್ಲಿ ಆ ಫ್ರೇಮು, ಗಾಜಿನ ಸಮೇತ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಬೇರೆಯವರ ಹಾಗೆಯೇ ಸೀಟಿನ ತುದಿಯಲ್ಲಿ ಕೂತರು.

ವಕೀಲಮ್ಮ ಕನ್ನಡಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು.

ಅಕ್ಕ ತಮ್ಮ ಮನೆಯಲ್ಲಿ ಉರ್ದು ಮಾತಾಡುವವರು. ಅವತ್ತು ತಮ್ಮ ಕನ್ನಡದಲ್ಲಿ ಶುರುಮಾಡಿದರು, ಗುರುತಿಲ್ಲದ ಕಕ್ಷಿದಾರನ ಹಾಗೆ. "ವಕೀಲರೇ, ನಂಗೊಂದು ನೋಟಿಸು ಬಂದಿತ್ತು. ಉತ್ತರ ಕೊಡಬೇಕಾಗಿತ್ತು. ಸ್ವಲ್ಪ ತಡ ಆಯ್ತು."

ವಕೀಲಮ್ಮ ಮುಂದೆಯೇ ನೋಡುತ್ತಿದ್ದರು. "ಯಾರು ಕೊಟ್ಟಿರೋದು?"

"ನಮ್ಮ ಅಕ್ಕ."

"ಏನಂತೆ?"

"ಅಬ್ಬಾ ಗಾಡಿ ಜಾಗ ಬಿಟ್ಟು ಕದಲಿಸಬಾರದು ಅಂತೆ. ನಾನು ಕದಲಿಸಿಲ್ಲ. ಇವಾಗ ಮಗಳಿಗೆ ಮದುವೆ ಗೊತ್ತಾಗಿದೆ, ಹುಡುಗ ಚಿಂತಾಮಣಿಯೋನು. ಮದುವೆ ಆದ್ಮೇಲೆ ದಾದಾ, ಅಂದ್ರೆ ತಾತನ ಗಾಡೀಲೇ ಗಂಡನ ಮನೆಗೆ ಹೋಗ್ತೀನಿ ಅಂತ ಹಟ ಹಿಡಿದಿದಾಳೆ. ಏನು ಮಾಡಬೇಕು, ಹೇಳಿ."

ಕೆಳಗೆ ಬಸ್ಸಿನವರು ಕೈವಾರ, ಕೈವಾರ ಎಂದು ಕೂಗುವುದು ಕೇಳುತ್ತಿತ್ತು.

"ಗಾಡಿ ಓಡುತ್ತಾ?" ಎಂದರು ವಕೀಲಮ್ಮ.

"ಓಡಿಸೋರು ಇದ್ರೆ ಓಡುತ್ತೆ. ಆ ಸ್ಟೇರಿಂಗ್ ಪಕ್ಕದ ಗೇರು ನಂಗೆ ಇವತ್ತಿಗೂ ಬರಲ್ಲ. ಅಬ್ಬಾ ಕಲಿಸಿದ್ದು ಅಕ್ಕಂಗೆ ಮಾತ್ರ."

"ಇನ್ಶೂರೆನ್ಸು ಕಟ್ಟಿದೀಯಾ?" ಎಂದು ಕೇಳಲು ಹೋದರು ವಕೀಲಮ್ಮ. ಇನ್ಶೂ ಅನ್ನುವಷ್ಟರಲ್ಲಿ ಸೆರಗು ಬಾಯಿಗೆ ಒತ್ತಿಕೊಂಡರು.

"ಕಟ್ಟಿದೀನಿ ಆಪಾ" ಎಂದರು ತಮ್ಮ.

ವಕೀಲಮ್ಮ ತಿರುಗಿದರು. ಸೀಟಿನ ಮೇಲೆ ಮೊಣಕಾಲೂರಿ, ಮಕ್ಕಳು ಬಸ್ಸಿನಲ್ಲಿ ತಿರುಗಿ ನಿಲ್ಲುವ ಹಾಗೆ ನಿಂತು, ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೋಟಿನ ಜೇಬಿನಿಂದ ಕಡಲೇಕಾಯಿ ಸಿಪ್ಪೆ ಅವರ ಜುಬ್ಬಾದ ಮೇಲೆಲ್ಲ ಉದುರಿತು. ಆಮೇಲೆ ಮಾತೆಲ್ಲ ಉರ್ದುವಿನಲ್ಲಿ ನಡೆಯಿತು. ನನಗೆ ಅರ್ಧ ತಿಳಿಯಿತು, ಹೆಚ್ಚಿನದು ಬೈಗುಳವೇ. ನಾನು ಇಕ್ಕಳ ಹಿಡಿದುಕೊಂಡು ಸೀಟಿನ ಹಿಂದೆ ಕೂತು ಅತ್ತೆ. ಅಷ್ಟು ಸಂತೋಷ ನನ್ನ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ.

ಮದುವೆಗೆ ನಾನೂ ಮೇಸ್ತ್ರಿಯೂ ಹೋಗಿದ್ದೆವು. ಶಾದಿ ಮಹಲಿನ ಮುಂದೆ ಕೆನೆ ಬಣ್ಣದ ಅಂಬಾಸಿಡರ್, ಬಾನೆಟ್ಟಿನ ಮೇಲೆ ಗುಲಾಬಿ ಹಾರ. ಹಿಂದಿನ ಸೀಟಿನಲ್ಲಿ ಮದುಮಕ್ಕಳು, ಮುಂದೆ ತಮ್ಮ, ಸ್ಟೇರಿಂಗ್ ಹಿಡಿದು ವಕೀಲಮ್ಮ, ಅವತ್ತು ಕೋಟಿಲ್ಲ, ಹಸಿರು ರೇಷ್ಮೆ ಸೀರೆ. ಮೊದಲನೇ ಗೇರು ಕಿರ್ರೆಂದಿತು. ನೆಂಟರು ಪಕ್ಕಕ್ಕೆ ಸರಿದರು. ಎರಡನೇ ಪ್ರಯತ್ನಕ್ಕೆ ಗಾಡಿ ಹೊರಟು ಚಿಂತಾಮಣಿ ರಸ್ತೆ ಹಿಡಿಯಿತು. ಮೇಸ್ತ್ರಿ ನನ್ನ ಕಿವಿಯಲ್ಲಿ, "ಮೇಡಂ, ತೂರ್ಪಿಗೇ ಹೋಗ್ತಾ ಇದೆ" ಎಂದರು. ಸುಮ್ಮನಿರ್ರಿ ಎಂದೆ.

ಅದಾಗಿ ಸ್ವಲ್ಪ ದಿನಕ್ಕೆ ತಮ್ಮನಿಂದ ಫೋನು ಬಂತು. "ನೋಟಿಸು ಒಲೆಗೆ ಹಾಕಿದ್ವಿ ಕಣಮ್ಮ. ಬಂದು ಸೀಟು ಬಿಚ್ಕೊಂಡು ಹೋಗು. ಆಪಾ ಆಫೀಸಿಗೆ ಅದೇ ಹಾಕು." ಸ್ಪ್ಯಾನರು, ಮೇಸ್ತ್ರಿ, ಮಿನಿ ಲಾರಿ ಎಲ್ಲ ಹೊಂದಿಸಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಶೆಡ್ಡಿನಲ್ಲಿ ಗಾಡಿಯ ನಾಲ್ಕೂ ಬಾಗಿಲು ತೆರೆದಿದ್ದವು. ಹಿಂದಿನ ಸೀಟಿನಲ್ಲಿ ವಕೀಲಮ್ಮ ಕಾಲು ಚಾಚಿ ಕೂತಿದ್ದರು, ಮಡಿಲಲ್ಲಿ ಕಡಲೇಕಾಯಿ. ತಮ್ಮ ಪಕ್ಕದಲ್ಲಿ ಕೂತು ಬಿಡಿಸಿ ಬಿಡಿಸಿ ಅವರ ಕೈಗೆ ಹಾಕುತ್ತಿದ್ದರು. ಮೇಸ್ತ್ರಿ ಸ್ಪ್ಯಾನರು ತೆಗೆದರು.

"ಒಳಗಿಡ್ರಿ ಅದನ್ನ" ಎಂದರು ವಕೀಲಮ್ಮ. "ಇದನ್ನ ಯಾಕೆ ಬಿಚ್ತೀರಿ? ಕೂರಬೇಕು ಅನ್ನಿಸಿದಾಗ ನಾನೇ ಇಲ್ಲಿಗೆ ಬರ್ತೀನಿ."

ಖಾಲಿ ಲಾರಿಯಲ್ಲಿ ವಾಪಸು ಬಂದೆವು. ಈಗ ಆಫೀಸೂ ಮುಚ್ಚಿದೆ. ಶುಕ್ರವಾರದ ನಮಾಜು ಮುಗಿದ ಮೇಲೆ ವಕೀಲಮ್ಮನನ್ನು ಯಾರಾದರೂ ಹುಡುಕಿಕೊಂಡು ಬಂದರೆ ಬೀಜದ ಅಂಗಡಿಯವರು ಶಿಡ್ಲಘಟ್ಟದ ಬಸ್ಸು ತೋರಿಸುತ್ತಾರೆ.